ಅಳಿಸದೆ ಬಿಟ್ಟ ದಾರಿ

ಮುಶಿಗೇರಿಯ ಮೇಲಿನ ಓಣಿಯ ಅಂಗನವಾಡಿಗೆ ನೀವು ಎಂದಾದರೂ ಹೋದರೆ ಚಪ್ಪಲಿ ಹೊರಗೆ ಬಿಡಿ. ಬಿಟ್ಟರಷ್ಟೇ ಸಾಲದು, ಕಾಲಿಡುವ ಮೊದಲು ನೆಲ ನೋಡಿ. ಇಲ್ಲದಿದ್ದರೆ ಯಾರದೋ ಎಮ್ಮೆಯ ಬಾಲವನ್ನೋ, ಯಾರದೋ ಅಜ್ಜನ ಮೀಸೆಯನ್ನೋ ತುಳಿದುಬಿಡುತ್ತೀರಿ. ಆಮೇಲೆ ಮೂರು ವರ್ಷದ ಕೂಸು ಬಾಯಿ ತೆಗೆದು ಅಳಲು ಕೂತರೆ ಅದನ್ನು ಸುಮ್ಮನಾಗಿಸುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿಲ್ಲ.

ಆ ಖೋಲಿಗೆ ಹಾಸಿರುವುದು ಕರಿ ಫರಸಿ ಕಲ್ಲು. ಬಣ್ಣದ ಕಡ್ಡಿ ಕೊಟ್ಟರೆ ಹುಡುಗರು ವಾರದೊಳಗೆ ತಿಂದು ಮುಗಿಸುತ್ತಾರೆ. ಹಾಳೆ ಕೊಟ್ಟರೆ ಮೂಗು ಒರೆಸಿಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಕಲಿಸುವ ಅಕ್ಕೋರು ಶೇಖವ್ವ ಬಹಳ ವರ್ಷಗಳ ಹಿಂದೆಯೇ ಹಾಳೆಯ ಆಸೆ ಬಿಟ್ಟು, ಮಕ್ಕಳ ಕೈಗೆ ಬಳಪ ಕೊಟ್ಟು ನೆಲ ತೋರಿಸಿದಳು. ಕಥೆ ಹೊಸ್ತಿಲಿನ ಹತ್ತಿರದ ಕಲ್ಲಿನಿಂದ ಶುರುವಾಗಬೇಕು. ಒಂದು ಕಲ್ಲಿಗೆ ಒಂದು ಸಂಗತಿ. ಮೊದಲನೆಯದರಲ್ಲಿ ಕಥೆ ಯಾರದೋ ಅವರ ಚಿತ್ರ ಬರೆಯಬೇಕು. ಅದು ತುಂಬಿತೋ, ಶೇಖವ್ವ "ಮುಂದ?" ಎನ್ನುತ್ತಾಳೆ, ಕೂಸು ಅಂಬೆಗಾಲಿಟ್ಟು ಮುಂದಿನ ಕಲ್ಲಿಗೆ ಹೋಗುತ್ತದೆ. ಹೀಗೆ ತೆವಳುತ್ತ ತೆವಳುತ್ತ ಎದುರಿನ ಗೋಡೆ ಸೇರಿದರೆ ಕಥೆ ಮುಗಿಯಿತು. ಬರೆದವರು ಎದ್ದು ನಿಂತು, ಹೊಸ್ತಿಲಿನಿಂದ ಗೋಡೆಯತನಕ ಚಿತ್ರದ ಪಕ್ಕದಲ್ಲೇ ನಡೆಯುತ್ತ, ಬಾಯಿಬಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕಥೆ ಹೇಳಬೇಕು. ಹೇಳಿದ ಮೇಲೆ ಒದ್ದೆ ಅರಿವೆ ತೆಗೆದುಕೊಂಡು ತಾವೇ ಒರೆಸಬೇಕು. ಮರುದಿನ ಇನ್ನೊಬ್ಬರ ಪಾಳಿ.

ಚಿತ್ರ ತಿದ್ದುವ ಚಟ ಶೇಖವ್ವನಿಗೆ ಇಲ್ಲ. ಎಮ್ಮೆಗೆ ಐದು ಕಾಲು ಬರೆದರೆ ಯಾಕೆ ಅಂತ ಕೇಳುತ್ತಾಳೆ. ಎಮ್ಮೆ ಓಡುತ್ತಿದೆ ಅದಕ್ಕೆ ಅಂತ ಉತ್ತರ ಬಂದರೆ ಸೈ ಅನ್ನುತ್ತಾಳೆ. ಅಮರೇಶನೆಂಬ ನಾಲ್ಕು ವರ್ಷದ ಪುಂಡನೊಬ್ಬನಿದ್ದಾನೆ. ಅವನು ಏನು ಬರೆಯಲು ಕೂತರೂ ಎರಡನೇ ಕಲ್ಲಿಗೆ ಜೆಸಿಬಿ ಬಂದೇ ಬರುತ್ತದೆ, ಮೂರನೆಯದಕ್ಕೆ ಎಲ್ಲವನ್ನೂ ಕೆಡವುತ್ತದೆ. ಸಾಲಿ ಕೆಡವಿದೆ, ಗುಡಿ ಕೆಡವಿದೆ, ಒಮ್ಮೆ ಚಂದ್ರನನ್ನೂ ಬಿಡಲಿಲ್ಲ. ಅವನಿಗೂ ಶೇಖವ್ವ ಅಷ್ಟೇ ಗಂಭೀರವಾಗಿ "ಮುಂದ?" ಎಂದೇ ಕೇಳುತ್ತಾಳೆ.

ಕೇಳುವ ಹಸಿವು ಅವಳದು. ಯಾಕೆಂದರೆ ಅವಳೊಡನೆ ಮಾತಾಡುವವರು ಆ ಊರಲ್ಲಿ ಈ ಗೇಣುದ್ದದ ಮಕ್ಕಳು ಬಿಟ್ಟರೆ ಬೇರೆ ಇಲ್ಲ. ಅವೂ ಆರು ತುಂಬಿದೊಡನೆ ಸಾಲಿಗೆ ಹೋಗುತ್ತವೆ, ಎರಡು ವರ್ಷ ಕಳೆದರೆ ಎದುರು ಬಂದರೂ ಗುರುತು ಹಿಡಿಯುವುದಿಲ್ಲ. ತಪ್ಪೂ ಅಲ್ಲ ಬಿಡಿ, ಮೂರು-ನಾಲ್ಕು ವರ್ಷದವರಿದ್ದಾಗ ಉಣಿಸಿದವರ ಮುಖ ಯಾರಿಗೆ ನೆನಪಿರುತ್ತದೆ? ಮಧ್ಯಾಹ್ನ ಮಕ್ಕಳು ಹೋದ ಮೇಲೆ ಅವಳ ಫೋನು ಹೊಡೆದುಕೊಳ್ಳುವುದು ಕಂಪನಿಯವರ ರೆಕಾರ್ಡು ಮಾತಿಗಷ್ಟೆ. ನಾವಾದರೆ ಥಟ್ಟನೆ ಕಟ್ ಮಾಡುತ್ತೇವೆ. ಶೇಖವ್ವ ಆ ಹೆಣ್ಣುದನಿ ಹೇಳುವ ಯೋಜನೆಯೆಲ್ಲವನ್ನೂ ಕೊನೆಯತನಕ ಕೇಳಿ, ಅದೇ ನಿಂತ ಮೇಲೆ ಫೋನು ಕೆಳಗಿಡುತ್ತಾಳೆ.

ಅವಳು ರಾಜೂರಿನ ಮಗಳು, ಮುಶಿಗೇರಿಗೆ ಸೊಸೆಯಾಗಿ ಬಂದವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಹೂವಪ್ಪ ರತ್ನಾಗಿರಿಯ ಕಡೆ ಮಾವಿನ ತೋಟದ ಕೆಲಸಕ್ಕೆ ಹೋದ. ಅವನು ಹೋದ ಮುಂಜಾನೆ ಅಂಗಳದ ತುಂಬ ಶೇಂಗಾ ಸಿಪ್ಪೆ ಬಿದ್ದಿತ್ತು. ಹೊಸ ಸೊಸೆ, ಅತ್ತೆ ಏನಂದುಕೊಂಡಾಳೋ ಎಂಬ ಹೆದರಿಕೆಯಲ್ಲಿ, ಬಸ್ಸಿನ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ ಕಸಬರಿಗೆ ಹಿಡಿದು ಗುಡಿಸಿಬಿಟ್ಟಳು. ನಮ್ಮ ಕಡೆ ಇದನ್ನು ಯಾರೂ ಮಾಡುವುದಿಲ್ಲ. ಊರಿಗೆ ಹೋದವರ ಬೆನ್ನಿಗೇ ಮನೆ ಗುಡಿಸುವುದು ಹೆಣ ಎತ್ತಿದಾಗ ಮಾತ್ರ. ಹೋದವರು ಹೋದ ಊರು ಮುಟ್ಟಿದರು ಎಂಬ ಸುದ್ದಿ ಬರಲಿ, ಆಮೇಲೆ ಗುಡಿಸು ಎಂದು ಹಿರಿಯರು ಹೇಳುತ್ತಾರೆ. ಹೂವಪ್ಪ ಮುಟ್ಟಿದ ಸುದ್ದಿ ಬರಲಿಲ್ಲ. ಆ ವರ್ಷವೂ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಅತ್ತೆ ಸಾಯುವತನಕ ಬಾಗಿಲಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು: ಇವಳು ಕಸ ಹೊಡೆದಳು, ನನ್ನ ಮಗ ಹೋದ. ಅತ್ತೆ ಸತ್ತಳು, ಮಾತು ಸಾಯಲಿಲ್ಲ. ಮದುವೆ ಮುಂಜಿಗೆ ಶೇಖವ್ವನನ್ನು ಕರೆಯುತ್ತಾರೆ. ಆದರೆ ಊರಿಗೆ ಹೊರಟವರ ಮನೆ ಮುಂದೆ ಅವಳು ಹಾದುಹೋದರೆ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ.

ಈ ವರ್ಷ ಕಡಲೆ ರಾಶಿ ಮುಗಿದ ಮೇಲೆ ಓಣಿಯಿಂದ ಹೊರಟ ಟೆಂಪೋದಲ್ಲಿ ಕಳಕೇಶ ಮತ್ತು ಅವನ ಹೆಂಡತಿ ಕವಿತಾ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು. ಹಾಲು ಕುಡಿಯುವ ಗಂಡುಕೂಸು ಬಗಲಲ್ಲಿ ಹೋಯಿತು. ಐದು ವರ್ಷದ ಪೂಜಾ ಮಾತ್ರ ಅಜ್ಜಿಯ ಹತ್ತಿರ ಉಳಿದಳು. ಅಜ್ಜಿ ಮರಿಯವ್ವನಲ್ಲಿ ಫೋನಿಲ್ಲ, ಕೊಟ್ಟರೂ ಅದರ ಯಾವ ತುದಿಯಲ್ಲಿ ಮಾತಾಡಬೇಕೋ ಅವಳಿಗೆ ತಿಳಿಯದು. ಮುಟ್ಟಿದ ಮೇಲೆ ಅಕ್ಕೋರ ನಂಬರಿಗೆ ಮಾಡುತ್ತೇನೆ ಎಂದು ಕಳಕೇಶ ಹೇಳಿ ಹೋಗಿದ್ದ.

ಅವರು ಹೋದ ದಿನವೇ ಪೂಜಾಳ ಪಾಳಿ. ಹೊಸ್ತಿಲಿನ ಕಲ್ಲಿನಲ್ಲಿ ಅಪ್ಪನನ್ನು ಬರೆದಳು, ತಲೆಯ ಮೇಲೆ ಗಂಟು. ಅವ್ವನನ್ನು ಬರೆದಳು, ಬಗಲಲ್ಲಿ ತಮ್ಮ. ಮುಂದಿನ ಕಲ್ಲಿಗೆ ಟೆಂಪೋ ಬಂತು. ಅದರ ಮುಂದೆ ಗಜೇಂದ್ರಗಡದ ಗುಡ್ಡ, ಮೇಲೆ ತಿರುಗುವ ಗಾಳಿ ಪಂಖಗಳು. ಮುಂದ? ಒಂದು ದೊಡ್ಡ ದಾರಿ. ಮುಂದ? ಪೂಜಾ ಬಳಪ ಕೆಳಗಿಟ್ಟಳು. ಗೋಡೆ ಇನ್ನೂ ಎರಡು ಕಲ್ಲು ದೂರವಿತ್ತು. ಮಂಗಳೂರು ಹೇಗಿರುತ್ತದೋ ಅವಳಿಗೆ ಗೊತ್ತಿರಲಿಲ್ಲ.

ಊಟದ ಹೊತ್ತಾಯಿತು. ಅಡಿಗೆ ಮಾಡುವ ಫಕೀರವ್ವ ಎಂದಿನಂತೆ ಕಸಬರಿಗೆ, ಬಕೆಟ್ಟು ಹಿಡಿದು ಒಳಗೆ ಬಂದಳು. ಪೂಜಾ ಎದ್ದು ಚಿತ್ರದ ಮುಂದೆ ಎರಡೂ ಕೈ ಅಗಲಿಸಿ ನಿಂತಳು.

"ಒರಸಬ್ಯಾಡ್ರಿ. ಅವರಿನ್ನಾ ಮುಟ್ಟಿಲ್ಲ."

ಮನೆಯಲ್ಲಿ ಅಜ್ಜಿ ಬೆಳಿಗ್ಗೆಯಿಂದ ಕಸ ಹೊಡೆಯದೆ ಬಿಟ್ಟದ್ದನ್ನು ಅವಳು ನೋಡಿ ಬಂದಿದ್ದಳು. ಮನೆಗಿರುವ ಕಾನೂನು ಚಿತ್ರಕ್ಕೇಕಿಲ್ಲ ಎಂಬುದು ಅವಳ ಲೆಕ್ಕ. ಫಕೀರವ್ವ ನಕ್ಕಳು. ನಗುತ್ತಲೇ ಶೇಖವ್ವನ ಮುಖ ನೋಡಿ ಥಟ್ಟನೆ ನಗು ನುಂಗಿ, ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು. ಶೇಖವ್ವ ಆ ಒಂದು ಸಾಲು ಬಿಟ್ಟು ಉಳಿದ ನೆಲವನ್ನು ತಾನೇ ಗುಡಿಸಿದಳು.

ನಾಳೆ ಫೋನು ಬರುತ್ತದೆ, ನಾಳೆ ಒರೆಸೋಣ ಎಂದುಕೊಂಡಳು. ನಾಳೆ ಬರಲಿಲ್ಲ. ಕಳಕೇಶನ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಟೆಂಪೋದಲ್ಲಿ ಹೋದ ಉಳಿದವರನ್ನು ವಿಚಾರಿಸಿದರೆ, ಆ ಜೋಡಿಯನ್ನು ಮೇಸ್ತ್ರಿ ಬೇರೆ ಕಡೆ ಕರೆದೊಯ್ದ, ಎಲ್ಲಿಗೋ ಗೊತ್ತಿಲ್ಲ ಅಂದರು. ವಾರ ಕಳೆಯಿತು. ನೆಲದ ನಡುವೆ ಆ ಸಾಲು ಹಾಗೇ ಉಳಿಯಿತು. ಊಟಕ್ಕೆ ಮಕ್ಕಳು ಅದರ ಆ ಕಡೆ ಅರ್ಧ, ಈ ಕಡೆ ಅರ್ಧ ಕೂತರು. ಅನ್ನ ಬಡಿಸುವ ಫಕೀರವ್ವ ಕಾಲು ಎತ್ತಿ ಎತ್ತಿ ದಾಟುತ್ತ, ತನ್ನ ಮೊಣಕಾಲಿಗೆ ಬಂದ ಶನಿ ಇದು ಎಂದು ಗೊಣಗಿದಳು. ಅಮರೇಶ ಇದೇ ಸಮಯ ಎಂದು ತನ್ನ ಜೆಸಿಬಿಯೂ ಇನ್ನೂ ಪಕ್ಕದ ರೋಣ ಮುಟ್ಟಿಲ್ಲ, ಒರೆಸಕೂಡದು ಎಂದು ಹಟ ಹಿಡಿದ. ಅವನನ್ನು ನೋಡಿ ಇನ್ನೊಬ್ಬಳ ಆಡು ಮನೆಗೆ ಬಂದಿಲ್ಲ, ಮತ್ತೊಬ್ಬನ ಕೋಳಿ ಮೊಟ್ಟೆಯ ಮೇಲಿಂದ ಎದ್ದಿಲ್ಲ. ಎರಡೇ ದಿನದಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಶೇಖವ್ವ ಎಲ್ಲರನ್ನೂ ಕೂರಿಸಿಕೊಂಡು ರಮಿಸಿ, ಜೆಸಿಬಿಯನ್ನು ರೋಣಕ್ಕೂ ಆಡನ್ನು ಕೊಟ್ಟಿಗೆಗೂ ಮುಟ್ಟಿಸಿ ಒರೆಸಿಸಿದಳು. ಪೂಜಾಳದ್ದನ್ನು ಮಾತ್ರ ಮುಟ್ಟಲಿಲ್ಲ.

ಊರ ಬಾಯಿ ಸುಮ್ಮನಿರುತ್ತದೆಯೇ? ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಇಣುಕಿ ನೋಡಿದರು. ಅವರಲ್ಲೊಬ್ಬಳು, ಕೇಳಲಿ ಎಂದೇ, ಕಸ ಹೊಡೆದರೆ ಏನಾಗುತ್ತದೆ ಅಂತ ಅಕ್ಕೋರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಬಿಡ್ರಿ ಎಂದಳು. ಶೇಖವ್ವ ಸೆರಗು ಸರಿ ಮಾಡಿಕೊಂಡು ಒಬ್ಬೊಬ್ಬರ ಹೆಸರು ಕರೆದು ಮಕ್ಕಳನ್ನು ಕಳಿಸಿದಳು.

ಆ ದಿನಗಳಲ್ಲಿ ಮಕ್ಕಳು ಹೋದ ಮೇಲೂ ಅವಳು ಮನೆಗೆ ಹೋಗುತ್ತಿರಲಿಲ್ಲ. ಗೋಡೆಗೆ ಒರಗಿ, ಫೋನು ತೊಡೆಯ ಮೇಲಿಟ್ಟುಕೊಂಡು, ಸಂಜೆಯತನಕ ಆ ಮೂವರನ್ನು ನೋಡುತ್ತ ಕೂರುತ್ತಿದ್ದಳು. ಬರಬರುತ್ತ ಅವರ ಜೊತೆ ಮಾತಿಗೂ ಇಳಿದಳು. ಎಲ್ಲಿದ್ದೀಯೋ ಕಳಕೇಶ, ಉಂಡೆಯಾ? ಕವಿತಾ, ಕೂಸಿನ ತಲಿಗೆ ಕುಲಾಯಿ ಕಟ್ಟು, ಗಾಳಿ ಭಾಳ ಐತಿ. ನಗಬೇಡಿ. ನಾಲ್ಕು ಗೋಡೆಗಳ ನಡುವೆ ಅಷ್ಟು ವರ್ಷ ಒಬ್ಬಳೇ ಇದ್ದವಳಿಗೆ ಬಳಪದ ಮನುಷ್ಯರೂ ಮನುಷ್ಯರೇ. ಮನೆಗೆ ಹೋದರೆ ಅಷ್ಟೂ ಇರಲಿಲ್ಲ.

ಅವಳಿಗೆ ಈ ಹುಡುಗಿಯ ಅಪ್ಪ-ಅವ್ವ ಮುಟ್ಟಲೇಬೇಕಾಗಿತ್ತು. ಮುಟ್ಟದಿದ್ದರೆ ಪೂಜಾ ಬೆಳೆದು ದೊಡ್ಡವಳಾಗಿ, ನಾನು ಆ ದಿನ ಏನೋ ಒರೆಸಿದೆ, ಏನೋ ತಪ್ಪು ಬರೆದೆ ಎಂದು ಜೀವನವಿಡೀ ತನ್ನನ್ನೇ ಹಿಂಡಿಕೊಳ್ಳುತ್ತಾಳೆ ಎಂಬ ದಿಗಿಲು. ಅದು ಎಂಥ ಸಂಕಟ ಎನ್ನುವುದು ಅವಳಿಗೆ ಗೊತ್ತಿತ್ತು ಎಂದು ನೀವು ಅಂದುಕೊಂಡರೆ, ಅರ್ಧ ಸರಿ. ಇನ್ನರ್ಧ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹೇಳುತ್ತೇನೆ.

ಹತ್ತು-ಹನ್ನೆರಡು ವರ್ಷದ ಹಿಂದೆ ಗಜೇಂದ್ರಗಡದ ಸಂತೆಯಲ್ಲಿ ಶೇಖವ್ವ ಉಳ್ಳಾಗಡ್ಡಿ ಆರಿಸುತ್ತಿದ್ದಾಗ ಬೆಳವಣಕಿಯ ಮುತ್ತಣ್ಣ ಎಂಬವನು ಪಕ್ಕಕ್ಕೆ ಬಂದು ನಿಂತ. ಅವನೂ ಮಾವಿನ ತೋಟದ ಕೆಲಸಕ್ಕೆ ಹೋಗಿ ಬರುವವ. ಹೂವಪ್ಪನನ್ನು ಕಂಡೆ ಎಂದ. ಚಲೋ ಇದ್ದಾನೆ, ಅಲ್ಲೇ ಒಬ್ಬಳನ್ನು ಮಾಡಿಕೊಂಡಿದ್ದಾನೆ, ಒಂದು ಗಂಡು ಒಂದು ಹೆಣ್ಣು ಮಕ್ಕಳಿದ್ದಾವೆ, ಹೆಂಚಿನ ಮನೆ ಕಟ್ಟಿಸಿದ್ದಾನೆ. ನಿಮ್ಮ ಸುದ್ದಿ ತೆಗೆದರೆ ಮಾತು ಬದಲಿಸಿದ ಎಂದ. ಶೇಖವ್ವ ಉಳ್ಳಾಗಡ್ಡಿ ಚೀಲಕ್ಕೆ ಹಾಕಿಕೊಂಡಳು. ಇದನ್ನು ಯಾರ ಮುಂದೂ ಹೇಳಬಾರದೆಂದು ಅವನ ಕೈ ಹಿಡಿದು ಆಣೆ ಮಾಡಿಸಿಕೊಂಡಳು. ಒಳ್ಳೆಯ ಮನುಷ್ಯ, ಆಣೆ ಉಳಿಸಿಕೊಂಡ.

ಯಾಕೆ ಮುಚ್ಚಿಟ್ಟಳು? ಕಸ ಹೊಡೆದಿದ್ದಕ್ಕೆ ಗಂಡ ಹೋದ ಎಂದರೆ ತಪ್ಪು ಕಸಬರಿಗೆಯದು. ಬೇಡವಾಗಿ ಹೋದ ಎಂದರೆ ಬೇಡವಾದವಳು ಅವಳು. ಊರು ಮೊದಲನೆಯದನ್ನು ನಂಬಿತ್ತು. ಶೇಖವ್ವ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲ ಮಕ್ಕಳಿಗೂ ಮುಂದ, ಮುಂದ ಎನ್ನುತ್ತಿದ್ದವಳು ತನ್ನ ಕಥೆಯನ್ನು ಮೊದಲ ಕಲ್ಲಿನ ಮೇಲೇ ನಿಲ್ಲಿಸಿಬಿಟ್ಟಿದ್ದಳು.

ಒಂದು ಮುಂಜಾನೆ, ಮಕ್ಕಳು ಇನ್ನೂ ಒಬ್ಬೊಬ್ಬರೇ ಬರುತ್ತಿರುವಾಗ, ಗುರುತಿಲ್ಲದ ನಂಬರಿನಿಂದ ಫೋನು ಬಂತು. ರೆಕಾರ್ಡಿನ ಹೆಣ್ಣುದನಿ ಇರಬೇಕೆಂದು ಕಿವಿಗೆ ಹಚ್ಚಿದರೆ ಕಳಕೇಶ. ಫೋನು ನೀರಿಗೆ ಬಿದ್ದು ಕೆಟ್ಟಿತ್ತಂತೆ. ನಂಬರುಗಳೆಲ್ಲ ಅದರ ಜೊತೆಗೇ ಹೋದವಂತೆ. ಮಂಗಳೂರು ದಾಟಿ ಎಲ್ಲೋ ಒಳಗಿನ ಕೆಲಸ, ಕೂಸಿಗೆ ಜ್ವರ ಬಂದು ದವಾಖಾನಿಗೆ ಓಡಾಡಿದರಂತೆ, ಈಗ ಎಲ್ಲ ಆರಾಮ. ಊರವರೊಬ್ಬರು ಸಿಕ್ಕಿ ಈ ನಂಬರು ಕೊಟ್ಟರಂತೆ. ಶೇಖವ್ವ ಬೈಯಬೇಕೆಂದು ಎಷ್ಟೋ ಜೋಡಿಸಿಟ್ಟುಕೊಂಡಿದ್ದಳು, ಎಲ್ಲ ಬಿಟ್ಟು ಫೋನನ್ನು ಪೂಜಾಳ ಕೈಗೆ ಕೊಟ್ಟಳು.

ಪೂಜಾ ಅಳಲಿಲ್ಲ, ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. ಮನೆ ಹೇಗಿದೆ ಅಂದಳು. ತಗಡಿನ ಶೆಡ್ಡು. ಬಾಗಿಲು ಯಾವ ಕಡೆ? ಮುಂದೆ ಏನಿದೆ? ತೆಂಗಿನ ಗಿಡ, ಎಷ್ಟುದ್ದ? ಎಲ್ಲ ಕೇಳಿಸಿಕೊಂಡು ಫೋನು ಅಕ್ಕೋರ ಕೈಗೆ ವಾಪಸು ಕೊಟ್ಟು, ಬಳಪ ತೆಗೆದುಕೊಂಡು, ಉಳಿದಿದ್ದ ಎರಡು ಕಲ್ಲುಗಳ ಮೇಲೆ ಕೂತಳು. ತೆಂಗಿನ ಗಿಡ ಗೋಡೆಯ ಮೇಲೂ ಸ್ವಲ್ಪ ಹತ್ತಿತು. ಆಮೇಲೆ ಎದ್ದು ಹೊಸ್ತಿಲಿನಿಂದ ಗೋಡೆಯತನಕ ನಡೆಯುತ್ತ ಇಡೀ ಕಥೆ ಹೇಳಿದಳು. ತಾನೇ ಒರೆಸಿದಳು. ಫಕೀರವ್ವ ಅನ್ನದ ಪಾತ್ರೆ ಹಿಡಿದು ನೆಲದ ನಡುವೆಯೇ ಗತ್ತಿನಿಂದ ನಡೆದಳು.

ಮಧ್ಯಾಹ್ನ ಎಲ್ಲರೂ ಹೋದರು. ಮರಿಯವ್ವ ಬರುವುದು ತಡವಾಗಿ ಪೂಜಾ ಒಬ್ಬಳೇ ಉಳಿದಳು. ಶೇಖವ್ವ ಒಣಗಿದ ನೆಲ ನೋಡುತ್ತ ಗೋಡೆಗೆ ಒರಗಿದ್ದಳು. ಸಂತೋಷವಾಗಬೇಕಿತ್ತು, ಆಗಿಯೂ ಇತ್ತು. ಆದರೆ ಇಷ್ಟು ದಿನ ಎದುರಿಗಿದ್ದ ಮೂವರೂ ಎದ್ದು ಹೋಗಿ ಖೋಲಿ ಬರಿದಾಗಿತ್ತು. ಪೂಜಾ ಹತ್ತಿರ ಬಂದು ಅವಳ ಕೈಯಲ್ಲಿ ಬಳಪ ಇಟ್ಟಳು. ಅಕ್ಕೋರ ಗಂಡನೂ ಊರಿಗೆ ಹೋಗ್ಯಾನಂತೆ, ಅಜ್ಜಿ ಹೇಳ್ಯಾಳೆ, ಅವನೂ ಎಲ್ಲಿಯತನಕ ಹೋದ ಬರೀರಿ ಅಂದಳು.

ಶೇಖವ್ವ ಆಗ ಏನಾದರೂ ನೆವ ಹೇಳಬಹುದಿತ್ತು. ಮಕ್ಕಳಿಗೆ ನೆವ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಮೊಣಕಾಲು ಮಡಚಿ ಹೊಸ್ತಿಲಿನ ಹತ್ತಿರ ಕೂತಳು. ಕೈಚೀಲ ಹಿಡಿದ ಒಬ್ಬ ಗಂಡಸನ್ನು ಬರೆದಳು. ಅಷ್ಟು ವರ್ಷ ಕಲಿಸಿದವಳಿಗೆ ಒಂದು ಮುಖ ಬರೆಯಲು ಬರಲಿಲ್ಲ, ಹೂವಪ್ಪನ ಮೂಗು ಹೇಗಿತ್ತೋ ಮರೆತಿತ್ತು.

"ಮುಂದ್ರಿ?" ಎಂದಳು ಪೂಜಾ, ಥೇಟ್ ಅಕ್ಕೋರ ದನಿಯಲ್ಲಿ.

ಬಸ್ಸು ಬರೆದಳು. ಮುಂದ? ಘಟ್ಟ ಬರೆದಳು. ಮುಂದ? ಮಾವಿನ ಗಿಡಗಳು. ಅಲ್ಲಿ ಕೈ ನಿಂತಿತು. ಹುಡುಗಿ ಮತ್ತೆ ಕೇಳಿದಳು. ಶೇಖವ್ವ ಇನ್ನೊಂದು ಕಲ್ಲಿಗೆ ತೆವಳಿ ಹೆಂಚಿನ ಮನೆ ಬರೆದಳು. ಗೋಡೆಯ ಬುಡದ ಕೊನೆಯ ಕಲ್ಲಿನಲ್ಲಿ ಆ ಗಂಡಸನ್ನು ಮತ್ತೆ ಬರೆದು, ಪಕ್ಕದಲ್ಲಿ ಒಬ್ಬ ಹೆಂಗಸನ್ನೂ ಮುಂದೆ ಎರಡು ಮಕ್ಕಳನ್ನೂ ನಿಲ್ಲಿಸಿದಳು.

ಪೂಜಾ ಬಗ್ಗಿ ನೋಡಿದಳು. ಆ ಹೆಂಗಸಿನ ಮೇಲೆ ಬೆರಳಿಟ್ಟಳು.

"ಇಕಿ ನೀವೇನ್ರಿ?"

"ಅಲ್ಲವ್ವ. ಇಕಿ ಬ್ಯಾರೆ."

"ಮತ್ತ ನೀವೆಲ್ಲಿ ಅದೀರಿ?"

ಶೇಖವ್ವ ಹೊಸ್ತಿಲಿನಿಂದ ಗೋಡೆಯತನಕ ಒಂದೊಂದೇ ಕಲ್ಲು ನೋಡಿದಳು. ಎಲ್ಲೂ ತನ್ನನ್ನು ಬರೆದಿರಲಿಲ್ಲ, ಮೊದಲ ಕಲ್ಲಿನಲ್ಲೂ ಇರಲಿಲ್ಲ. ನಾ ಇದರಾಗ ಇಲ್ಲವ್ವ ಎಂದಳು. ಪೂಜಾಳಿಗೆ ಅದೊಂದು ದೊಡ್ಡ ವಿಷಯವೆನಿಸಲಿಲ್ಲ. ಬರೆದಾಯಿತು, ಎದ್ದು ಹೇಳಬೇಕು, ಅದು ಪದ್ಧತಿ. ಅಕ್ಕೋರ ಕೈ ಹಿಡಿದು ಎಬ್ಬಿಸಿದಳು.

ಶೇಖವ್ವ ಚಿತ್ರದ ಪಕ್ಕದಲ್ಲಿ ನಡೆದಳು. ಬಸ್ಸು, ಘಟ್ಟ, ಮಾವಿನ ತೋಟ, ಹೆಂಚಿನ ಮನೆ ಎಂದು ಒಂದೊಂದೇ ಹೇಳಿದಳು. ಕೊನೆಯ ಕಲ್ಲಿನ ಹತ್ತಿರ ಬಂದು ನಿಂತಳು.

"ನಾ ಕಸ ಹೊಡದದ್ದಕ್ಕ ಹೋಗ್ಲಿಲ್ಲವ್ವ ಅವರು. ಹೋಗಬೇಕಂತನ ಹೋದ್ರು. ಮುಟ್ಟಿ ಭಾಳ ವರ್ಷ ಆತು."

ಹೇಳಿದ ಮೇಲೆ ಅವಳಿಗೆ ಅಳು ಬಂತು. ಸೆರಗು ಬಾಯಿಗೆ ಒತ್ತಿ, ಐದು ವರ್ಷದ ಹುಡುಗಿಯ ಮುಂದೆ ನಿಂತು ಅತ್ತಳು. ಪೂಜಾ ಅಷ್ಟು ಹೊತ್ತು ಕಾದಳು. ಆಮೇಲೆ, ಮುಟ್ಟಿದ ಮೇಲೆ ಒರೆಸಬೇಕಲ್ರಿ ಎಂದು ಅರಿವೆ ನೆನೆಸಿ ತಂದಳು. ಇಬ್ಬರೂ ಕೂಡಿ ಒರೆಸಿದರು. ಕೈಚೀಲದ ಗಂಡಸನ್ನು ಶೇಖವ್ವ ಒರೆಸಿದಳು, ಉಳಿದದ್ದನ್ನು ಪೂಜಾ ಒರೆಸಿದಳು.

ಅಷ್ಟರಲ್ಲಿ ಮರಿಯವ್ವ ಬಂದಳು. ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಅಜ್ಜಿಯ ಕೈ ಹಿಡಿದು ಓಣಿಗೆ ಇಳಿದಳು. ಇಳಿದವಳೇ, ಅಕ್ಕೋರು ಕಲಿಸಿದ ಹಾಗೆ, ನಡೆಯುತ್ತ, ಎಲ್ಲರಿಗೂ ಕೇಳುವಂತೆ ಕಥೆ ಶುರು ಮಾಡಿದಳು. ಅಕ್ಕೋರ ಗಂಡ ಬಸ್ಸು ಹತ್ತಿದ. ಘಟ್ಟ ದಾಟಿದ. ಮಾವಿನ ತೋಟ ಮುಟ್ಟಿದ. ಓಣಿಯ ಕಟ್ಟೆಗಳ ಮೇಲೆ ಕೂತಿದ್ದವರ ಮಾತುಗಳೆಲ್ಲ ಒಂದೊಂದಾಗಿ ನಿಂತವು. ಹೆಂಚಿನ ಮನಿ ಐತಿ, ಹೇಣ್ತಿ ಅದಾಳ, ಆದ್ರ ಆಕಿ ಅಕ್ಕೋರಲ್ಲ. ಬಾಗಿಲಲ್ಲಿ ನಿಂತಿದ್ದ ಶೇಖವ್ವ ಕೂಗಿ ಕರೆದಿದ್ದರೆ ಹುಡುಗಿ ತಿರುಗಿ ಬರುತ್ತಿದ್ದಳು. ಅವಳು ಕೂಗಲಿಲ್ಲ. ದನಿ ಓಣಿಯ ತಿರುವು ದಾಟುವತನಕ ಕೇಳಿಸಿಕೊಂಡಳು.